ಋತುವಿನ ಅತಿಥಿಗಳೂ ನಮ್ಮ ಹಿತ್ತಲೂ

ನಮ್ಮ ಶಾಲೆಯಲ್ಲಿ ಕಲಿತು ದೂರದೇಶಗಳಲ್ಲಿ ಸಂಸಾರ ಹೂಡಿರುವ ವಿದ್ಯಾರ್ಥಿನಿಯರು ತಮ್ಮ ಹಳೆಯ ಗುರುಗಳನ್ನು ನೆನಿಸಿ ಬಂದು ಕಾಣುವದು ನಮಗೆ ಎಂದಿಗೂ ಸಂತೋಷದ ಸಂಗತಿ. ಕೆಲವು ವರ್ಷಗಳ ಹಿಂದೆ ಅಮೇರಿಕೆಯಿಂದ ರಜೆಗೆ ಬಂದ ಇಂಥ ಒಬ್ಬ ಮಗಳು ನಮಗೆ ಒಂದು ವಿಚಿತ್ರವಾದ ಉಡುಗೊರೆಯನ್ನು ತಂದುಕೊಟ್ಟಳು. ಅದು ಕೆಂಪು ಬುಡವುಳ್ಳ ಒಂದು ಗಾಜಿನ ಸೀಸೆ; ಬುಡದಲ್ಲಿ ಹೂವಿನ ಆಕಾರದ ಸಣ್ಣ ತೂತುಗಳು; ಮೇಲೆ ತೂಗಹಾಕಲು ಒಂದು ಕೊಂಡಿ. ಅದರಲ್ಲಿ ಸಕ್ಕರೆನೀರನ್ನು ತುಂಬಿ ಹಿತ್ತಲಲ್ಲಿ ತೂಗಿಬಿಟ್ಟರೆ ಹಮ್ಮಿಂಗ್ ಬರ್ಡ್ ಎಂಬ ಪುಟ್ಟ ಹಕ್ಕಿಯು ವಸಂತಕಾಲದಲ್ಲಿ ತಾನಾಗಿ ಬಂದು ಕುಡಿಯುವದೆಂತಲೂ, ತಮ್ಮ ಮಕ್ಕಳು ಅದರ ಬರವನ್ನು ಹಬ್ಬದಂತೆ ಕಾಯುವರೆಂತಲೂ ಆಕೆಯು ಬಣ್ಣಿಸಿದಳು. "ನಮ್ಮ ಧಾರವಾಡದಲ್ಲಿಯೂ ಇಂಥ ಹಕ್ಕಿ ಉಂಟಲ್ಲವೇ? ಇಲ್ಲಿಯೂ ಒಂದನ್ನು ಕಟ್ಟಿರಿ" ಎಂದು ಹೇಳಿ ಹೋದಳು.

ಆಕೆಯ ಮಾತನ್ನು ಮೀರಬಾರದೆಂದು ನಾವು ಆ ಸೀಸೆಯನ್ನು ಏಪ್ರಿಲ್ ತಿಂಗಳಲ್ಲಿ ನಮ್ಮ ಹಿತ್ತಲ ಪೇರಲಗಿಡಕ್ಕೆ ಕಟ್ಟಿದೆವು. ಮೊದಲನೆಯ ದಿವಸ ಇರುವೆಗಳು ಬಂದವು. ಎರಡನೆಯ ದಿವಸ ಇನ್ನೂ ಹೆಚ್ಚು ಇರುವೆಗಳು ಬಂದವು. ಮೂರನೆಯ ದಿವಸ ನೀರು ಕದಡಿ ಹುಳಿವಾಸನೆ ಹೊಡೆಯತೊಡಗಿತು. ಹಕ್ಕಿ ಮಾತ್ರ ಬರಲಿಲ್ಲ. ಅದೇ ಹೊತ್ತಿಗೆ ಹತ್ತು ಮಾರು ಆಚೆಗಿದ್ದ ನುಗ್ಗೆಮರದ ಹೂಗೊಂಚಲಿನಲ್ಲಿ ಎರಡು ಸೂರಕ್ಕಿಗಳು ತಲೆಕೆಳಗಾಗಿ ಜೋತುಕೊಂಡು ನಮ್ಮ ಸತ್ಕಾರದ ಕಡೆಗೆ ಕಣ್ಣೆತ್ತಿಯೂ ನೋಡದೆ ಉಣ್ಣುತ್ತಿದ್ದವು. ಸೀಸೆಯನ್ನು ತೊಳೆದು ಕಪಾಟಿನಲ್ಲಿಟ್ಟೆವು. ಆದರೆ ಆ ದಿವಸದಿಂದ ಒಂದು ವಿಚಾರವು ನಮ್ಮನ್ನು ಬಿಡದೆ ಕಾಡುತ್ತಿದೆ: ಋತುವಿಗೆ ತಕ್ಕಂತೆ ನಮ್ಮ ಮನೆಗಳಿಗೆ ಬರುವ ಈ ರೆಕ್ಕೆಯ ಅತಿಥಿಗಳಿಗೆ ನಾವು ಮಾಡತಕ್ಕ ನಿಜವಾದ ಸತ್ಕಾರವು ಯಾವದು? ಈ ಸ್ಮರಣ ಸಂಚಿಕೆಯನ್ನು ಓದುವ ತಾಯಂದಿರ ಮುಂದೆಯೂ ಪಾಲಕರ ಮುಂದೆಯೂ ನಮ್ಮ ಅಭಿಪ್ರಾಯವನ್ನು ಇಡಬೇಕೆಂದು ಬಯಸುತ್ತೇವೆ.

ಮೊದಲು ಆ ದೂರದ ಹಕ್ಕಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಹಮ್ಮಿಂಗ್ ಬರ್ಡ್ ಅಥವಾ ಝೇಂಕಾರಪಕ್ಷಿಯು ಅಮೇರಿಕಾ ಖಂಡಗಳಲ್ಲಿ ಹೊರತು ಲೋಕದ ಇನ್ನಾವ ಭಾಗದಲ್ಲಿಯೂ ಇಲ್ಲ. ಅದರಲ್ಲಿ 350ಕ್ಕೂ ಹೆಚ್ಚು ಜಾತಿಗಳಿರುತ್ತವೆ. ಉತ್ತರ ಅಮೇರಿಕೆಯ ಮೂಡಣ ಭಾಗದಲ್ಲಿ ಮರಿಮಾಡುವ ಕೆಂಪು ಕೊರಳಿನ ಝೇಂಕಾರಪಕ್ಷಿಯು ಸುಮಾರು 3 ಗ್ರಾಂ ತೂಗುವದು. ಹೆಚ್ಚುಕಡಿಮೆ ನಮ್ಮ ಈಗಿನ ಒಂದು ರೂಪಾಯಿಯ ನಾಣ್ಯದಷ್ಟು. ಚಳಿಗಾಲವು ಹತ್ತಿರವಾಗುತ್ತಲೆ ಅದು ಮಕರಂದವನ್ನೂ ಹುಳುಗಳನ್ನೂ ತಿಂದು ಕೊಬ್ಬನ್ನು ಶೇಖರಿಸಿ ತನ್ನ ತೂಕವನ್ನು ಇಮ್ಮಡಿಯ ಸಮೀಪಕ್ಕೆ ತರುವದು. ಬಳಿಕ ಅವುಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲಿಯೂ ಕೂಡ್ರದೆ ಒಂದೇ ಹಾರಾಟದಲ್ಲಿ ದಾಟಿ ದಕ್ಷಿಣದ ಬೆಚ್ಚನೆಯ ನಾಡನ್ನು ಸೇರುವವು. ಇಷ್ಟು ಸಣ್ಣ ಪ್ರಾಣಿಯು ಇಷ್ಟು ದೊಡ್ಡ ಸಮುದ್ರವನ್ನು ದಾಟುವದು ನಂಬಲಿಕ್ಕೆ ಅಸಾಧ್ಯವಾದುದರಿಂದಲೇ, ಅದು ಹೆಬ್ಬಾತಿನ ಬೆನ್ನೇರಿ ಪ್ರಯಾಣ ಮಾಡುವದೆಂಬ ಕಥೆಯು ಆ ದೇಶದಲ್ಲಿ ಬಹುಕಾಲ ನಡೆದುಬಂತು. ಕಥೆಯು ಸುಳ್ಳು. ಹಕ್ಕಿಯು ತನ್ನ ರೆಕ್ಕೆಗಳಿಂದಲೇ ದಾಟುವದು.

ಆ ದೇಶದ ಜನರು ಸೀಸೆಯನ್ನು ಕಟ್ಟುವದರಲ್ಲಿಯೂ ಒಂದು ಶಿಸ್ತು ಉಂಟು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬಣ್ಣವನ್ನು ಬೆರೆಸಬಾರದು, ಜೇನನ್ನು ಹಾಕಬಾರದು. ಬಿಸಿಲು ಹೆಚ್ಚಾದಾಗ ಒಂದೆರಡು ದಿವಸಕ್ಕೊಮ್ಮೆ ಚೆಲ್ಲಿ ತೊಳೆದು ಹೊಸದನ್ನು ತುಂಬಬೇಕು. ಹೀಗೆ ಮಾಡದಿದ್ದರೆ ಬೂಷ್ಟು ಹಿಡಿದ ನೀರಿನಿಂದ ಹಕ್ಕಿಗೆ ರೋಗವುಂಟಾಗುವದು. ಸೀಸೆಯನ್ನು ಇಳಿಸದಿದ್ದರೆ ಹಕ್ಕಿಯು ವಲಸೆ ಹೋಗುವದನ್ನೇ ಮರೆತುಬಿಡುವದೆಂದು ಕೆಲವರು ಹೆದರುವದುಂಟು, ಇದಕ್ಕೆ ಆಧಾರವಿಲ್ಲ. ಹಗಲು ಕಿರಿದಾಗುತ್ತ ಬರುವದೇ ಅದಕ್ಕೆ ಹೊರಡುವ ಕರೆ. ಆದರೂ ಮನೆಯ ಹಿತ್ತಲಿಗೆ ಶಕ್ತಿಯಿಲ್ಲವೆಂದು ತಿಳಿಯಬಾರದು. ಆನ್ನಾ ಎಂಬ ಹೆಸರಿನ ಝೇಂಕಾರಪಕ್ಷಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಚ್ಚಾಗಿ ಕ್ಯಾಲಿಫೋರ್ನಿಯದ ಕರಾವಳಿ ಸೀಮೆಗೆ ಸೇರಿದುದಾಗಿತ್ತು. ಜನರು ಮನೆಮನೆಗಳಲ್ಲಿ ವರ್ಷವಿಡೀ ಅರಳುವ ಹೂಗಿಡಗಳನ್ನು ನೆಟ್ಟು ಸೀಸೆಗಳನ್ನು ಕಟ್ಟಿದ ಮೇಲೆ ಅದು ಬಡಗಣಕ್ಕೆ ಸರಿದು ಕೆನಡದ ವರೆಗೂ ಹಬ್ಬಿ ಚಳಿಗಾಲದಲ್ಲಿಯೂ ಅಲ್ಲಿ ನಿಲ್ಲುತ್ತಿದೆ. ಸಾವಿರಾರು ಗೃಹಿಣಿಯರು ತಮಗರಿಯದಂತೆಯೇ ಒಂದು ಹಕ್ಕಿಯ ಭೂಪಟವನ್ನು ತಿದ್ದಿಬಿಟ್ಟರು. ಹಿತ್ತಲಿನಲ್ಲಿ ಮಾಡಿದ ಕೃತ್ಯವು ಹಿತ್ತಲಿನಲ್ಲಿಯೇ ಮುಗಿಯುವದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಇನ್ನು ನಮ್ಮ ಊರಿಗೆ ಬರೋಣ. ಹುಬ್ಬಳ್ಳಿ ಧಾರವಾಡಗಳಲ್ಲಿ ಅನೇಕರು "ನಮ್ಮ ಮನೆಗೆ ಹಮ್ಮಿಂಗ್ ಬರ್ಡ್ ಬರುತ್ತದೆ" ಎಂದು ಹೇಳುವರು. ಅವರು ಕಂಡದ್ದು ಸೂರಕ್ಕಿ. ಎರಡೂ ಪುಟ್ಟವು, ಎರಡೂ ಬಿಸಿಲಿಗೆ ಹೊಳೆಯುವವು, ಎರಡೂ ಹೂವಿನ ರಸವನ್ನು ಹೀರುವವು. ಆದರೆ ಅವು ಹತ್ತಿರದ ಬಂಧುಗಳಲ್ಲ. ಬೇರೆ ಬೇರೆ ಖಂಡಗಳಲ್ಲಿ ಒಂದೇ ಕಸಬನ್ನು ಹಿಡಿದುದರಿಂದ ಒಂದೇ ರೂಪಕ್ಕೆ ಬಂದಂಥವು. ಝೇಂಕಾರಪಕ್ಷಿಯು ಗಾಳಿಯಲ್ಲಿ ನಿಂತು ಹೀರುವದು. ನಮ್ಮ ಸೂರಕ್ಕಿಯು ಆಗೊಮ್ಮೆ ಈಗೊಮ್ಮೆ ಗಾಳಿಯಲ್ಲಿ ನಿಂತರೂ ಹೆಚ್ಚಾಗಿ ಟೊಂಗೆಯನ್ನು ಹಿಡಿದು ಕೂತೇ ಉಣ್ಣುವದು. ನಮ್ಮ ಹಿತ್ತಲುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳನ್ನು ಕಾಣುತ್ತೇವೆ. ಒಂದು ಕಪ್ಪುನೇರಳೆ ಸೂರಕ್ಕಿ. ಅದರ ಗಂಡು ಮರಿಮಾಡುವ ಕಾಲದಲ್ಲಿ ಮೈಯೆಲ್ಲ ನೀಲಿಗಪ್ಪಾಗಿ ಥಳಥಳಿಸುವದು, ಆ ಕಾಲವು ತೀರಿದ ಮೇಲೆ ಕೊರಳಿನಿಂದ ಹೊಟ್ಟೆಯ ವರೆಗೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಂಡು ಹೆಣ್ಣಿನಂತೆ ಸಾದಾ ಉಡುಪನ್ನು ತೊಡುವದು. ಇನ್ನೊಂದು ಹಳದಿ ಹೊಟ್ಟೆಯ, ನೇರಳೆ ಬಣ್ಣದ ಪೃಷ್ಠವುಳ್ಳ ಸೂರಕ್ಕಿ. ಇವು ಸಮುದ್ರವನ್ನು ದಾಟಿ ಹೋಗುವ ಹಕ್ಕಿಗಳಲ್ಲ. ಎಲ್ಲಿ ಹೂವೋ ಅಲ್ಲಿ ಇವು. ದಾಸವಾಳ, ನುಗ್ಗೆ, ಬಾಳೆ, ಆಡುಸೋಗೆ, ಹಾಲವಾಣ ಇವು ಅರಳಿದಂತೆ ಈ ಹಕ್ಕಿಗಳು ಒಂದು ಹಿತ್ತಲಿನಿಂದ ಇನ್ನೊಂದಕ್ಕೆ ಸರಿಯುತ್ತಿರುವವು. ಬೇಸಿಗೆಯ ಮೊದಲಲ್ಲಿ ಮುತ್ತುಗವು ಕೆಂಡದಂತೆ ಅರಳಿದಾಗ ಅದರ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವ ಕೆಲಸದಲ್ಲಿ ಸೂರಕ್ಕಿಯ ಪಾಲು ದೊಡ್ಡದು. ಅದು ಉಂಡದ್ದಕ್ಕೆ ಕೂಲಿಯನ್ನು ಕೊಟ್ಟು ಹೋಗುವದು.

ಆದರೆ ಸೂರಕ್ಕಿಯು ಮಕರಂದದಿಂದ ಮಾತ್ರ ಬದುಕುವದೆಂದು ತಿಳಿದರೆ ದೊಡ್ಡ ತಪ್ಪು. ತನ್ನ ಮರಿಗಳಿಗೆ ಅದು ಉಣಿಸುವದು ಹೆಚ್ಚಾಗಿ ಹುಳುಗಳನ್ನೂ ಜೇಡಗಳನ್ನೂ. ಸಕ್ಕರೆಯಲ್ಲಿ ಶಕ್ತಿ ಉಂಟು. ಎಲುಬು, ಮಾಂಸ, ರೆಕ್ಕೆಗಳನ್ನು ಕಟ್ಟುವ ಸತ್ವವಿಲ್ಲ. ತಾಯಂದಿರಾದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬರೀ ಸಕ್ಕರೆನೀರನ್ನು ಕುಡಿಸಿ ಕೂಸನ್ನು ಬೆಳೆಸಿದವರು ಯಾರೂ ಇಲ್ಲ. ಅದರ ಗೂಡಾದರೂ ಒಂದು ಅದ್ಭುತವಾದ ಚೀಲ. ಹೆಣ್ಣುಹಕ್ಕಿಯೊಂದೇ ನಾರು, ಒಣ ಎಲೆ, ತೊಗಟೆಯ ಚೂರುಗಳನ್ನು ತಂದು ಜೇಡನ ಬಲೆಯ ನೂಲಿನಿಂದ ಹೊಲಿದು, ತೆಳುವಾದ ಟೊಂಗೆಯ ತುದಿಗೋ ಮನೆಯ ಪಡಸಾಲೆಯ ತಂತಿಗೋ ಅದನ್ನು ತೂಗಿಬಿಡುವದು. ಅದರಲ್ಲಿ ಸಾಮಾನ್ಯವಾಗಿ ಎರಡು ತತ್ತಿಗಳು. ಸುಮಾರು ಎರಡು ವಾರದ ಕಾವು. ನಮ್ಮ ಶಾಲೆಯ ಒಂದು ಕೋಣೆಯ ಬಾಗಿಲ ಮುಂದೆಯೇ ಒಮ್ಮೆ ಇಂಥ ಗೂಡು ಕಟ್ಟಲ್ಪಟ್ಟಿತ್ತು. ಗದ್ದಲಕ್ಕೆ ಹೆಸರಾದ ಆ ತರಗತಿಯ ಹುಡುಗಿಯರು ಮೂರು ವಾರಗಳ ವರೆಗೆ ತುದಿಗಾಲಿನಲ್ಲಿ ಒಳಗೆ ಹೋಗಿ ಬಂದುದನ್ನು ನೆನಿಸಿದರೆ ಈಗಲೂ ನಮಗೆ ನಗೆಯೂ ಅಭಿಮಾನವೂ ಒಟ್ಟಿಗೆ ಬರುತ್ತವೆ. ಯಾವ ಶಿಕ್ಷಕಿಯ ಗದರಿಕೆಯಿಂದಲೂ ಆಗದ ಕೆಲಸವನ್ನು ಹೆಬ್ಬೆರಳಿನಷ್ಟು ಹಕ್ಕಿಯು ಮಾಡಿತ್ತು.

ಹೀಗಿರಲು ನಮ್ಮ ಅಭಿಪ್ರಾಯವೇನಂದರೆ: ಅತಿಥಿಯ ಬಾಯಿಗೆ ಸಿಹಿಯನ್ನು ಹಿಡಿಯುವದಕ್ಕಿಂತ, ಅತಿಥಿಯು ಬಂದು ತಂಗಲಿಕ್ಕೆ ತಕ್ಕ ಮನೆಯನ್ನು ಉಳಿಸುವದೇ ಹೆಚ್ಚಿನ ಸತ್ಕಾರ. ಸೀಸೆಯು ಪಾಪವೆಂದು ನಾವು ಹೇಳುವದಿಲ್ಲ. ಹೂವಿಲ್ಲದ ಕಾಲದಲ್ಲಿ ನಿಯಮದಿಂದ ತೊಳೆದು ತುಂಬುವವರು ಅದನ್ನು ಇಟ್ಟುಕೊಳ್ಳಲಿ. ಆದರೆ ಸೀಸೆಯನ್ನು ಕಟ್ಟಿದೆವೆಂಬ ಸಮಾಧಾನದಿಂದ ನಾವು ಗಿಡವನ್ನು ಕಡಿದರೆ, ಔಷಧ ಸಿಂಪಡಿಸಿ ಹುಳುಗಳನ್ನೆಲ್ಲ ಕೊಂದರೆ, ಅಂಗಳಕ್ಕೆ ಫರಸಿ ಹಾಸಿ ಮಣ್ಣನ್ನೇ ಮುಚ್ಚಿದರೆ, ಆ ಸತ್ಕಾರವು ಮನೆಯನ್ನು ಸುಟ್ಟು ಪಾಯಸವನ್ನು ಬಡಿಸಿದಂತಾಗುವದು. ಒಂದೇ ಬಟ್ಟಲಿಗೆ ಅನೇಕ ಹಕ್ಕಿಗಳು ಬಾಯಿಡುವದರಿಂದ ರೋಗವು ಹರಡುವದುಂಟೆಂಬುದನ್ನೂ ಮರೆಯಬಾರದು. ಇಂಗ್ಲೆಂಡಿನಲ್ಲಿ 2005ರಿಂದೀಚೆಗೆ ಹಸುರು ಫಿಂಚ್ ಹಕ್ಕಿಗಳು ಗಂಟಲಿನ ಒಂದು ರೋಗದಿಂದ ಬಹಳವಾಗಿ ಕಡಿಮೆಯಾದವು; ಕಾಳುಹಾಕುವ ಬಟ್ಟಲುಗಳಲ್ಲಿ ಹಕ್ಕಿಗಳು ಗುಂಪುಗೂಡುವದು ಅದು ಹರಡುವದಕ್ಕೆ ನೆರವಾಯಿತೆಂದು ಬಲ್ಲವರು ಹೇಳುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸವೂ ಎಚ್ಚರವಿಲ್ಲದಿದ್ದರೆ ಕೇಡಾಗಬಹುದು.

ನಮ್ಮಲ್ಲಿ ಋತುವನ್ನು ನೋಡಿ ದೂರದಿಂದ ಬರುವ ಹಕ್ಕಿಗಳು ಇಲ್ಲವೇ ಎಂದು ಕೇಳಿದರೆ, ಧಾರಾಳವಾಗಿ ಉಂಟು. ನಾವು ನೋಡುವದಿಲ್ಲ ಅಷ್ಟೆ. ಮಳೆಗಾಲವು ಹಿಂದೆಗೆಯುವ ಹೊತ್ತಿಗೆ ಬೂದುಬೆನ್ನಿನ, ಹಳದಿ ಹೊಟ್ಟೆಯ ಸಿಪಿಲೆಯು ಹಿಮಾಲಯದ ಕಡೆಯಿಂದಲೂ ಅದರಾಚೆಯ ನಾಡುಗಳಿಂದಲೂ ಬಂದು ನಮ್ಮ ನೀರು ಹರಿಯುವ ಕಾಲುವೆಯ ಬದಿಯಲ್ಲಿ ಬಾಲ ಕುಣಿಸುವದು. ಯುರೋಪಿನ ಮೂಡಣ ಅಂಚಿನಿಂದ ಮಧ್ಯ ಏಷ್ಯದ ವರೆಗಿನ ಬಯಲುಗಳಲ್ಲಿ ಮರಿಮಾಡುವ ಗುಲಾಬಿ ಕಬ್ಬಕ್ಕಿಯು ದೊಡ್ಡ ಹಿಂಡುಗಳಾಗಿ ಬರುವದು. ಅದು ಜೋಳದ ತೆನೆಗೆ ಬಾಯಿ ಹಾಕುವದರಿಂದ ರೈತನಿಗೆ ಸಿಟ್ಟು ಬರುವದು ಸಹಜ. ಆದರೆ ಮಿಡತೆಗಳ ಮೊದಲನೆಯ ವೈರಿಯೂ ಅದೇ. ಅದು ಮರಳಿ ಹೋಗುವ ಮುನ್ನ ಬೂರುಗ, ಮುತ್ತುಗ, ಹಾಲವಾಣಗಳ ಹೂಗಳಿಗೆ ಮುಗಿಬಿದ್ದು ರಸವನ್ನು ಕುಡಿಯುವದನ್ನು ಕಂಡವರು, ನಮ್ಮ ಕಾಡುಗಿಡಗಳೇ ಇಲ್ಲಿಯ ನಿಜವಾದ ಸೀಸೆಗಳೆಂಬುದನ್ನು ಒಪ್ಪದೆ ಇರಲಾರರು.

ಹೆಬ್ಬಾತಿನ ಬೆನ್ನಿನ ಕಥೆಯನ್ನು ಮೇಲೆ ಹೇಳಿದೆವಷ್ಟೆ. ಆ ಹೆಬ್ಬಾತಿನ ಒಂದು ಬಂಧುವು ನಮ್ಮ ನೆರೆಯಲ್ಲಿಯೇ ಬಂದಿಳಿಯುವದು. 1997ರ ವರೆಗೆ ನಮ್ಮ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಗೆ ಸೇರಿರುವ ಶಿರಹಟ್ಟಿಯ ಸೀಮೆಯಲ್ಲಿ ಮಾಗಡಿ ಎಂಬ ಊರಿನ ಕೆರೆಯುಂಟು. ಹಿಂದಿನವರು ಮಳೆಯ ನೀರನ್ನು ನಿಲ್ಲಿಸಿ ಹೊಲಗಳಿಗೆ ಹಾಯಿಸಲೆಂದು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಕೆರೆ ಅದು. ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ತಿಬೇಟ್ ಮೊದಲಾದ ಎತ್ತರದ ನಾಡುಗಳಲ್ಲಿ ಮರಿಮಾಡುವ ತಮ್ಮ ನೆಲೆಗಳನ್ನು ಬಿಟ್ಟು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುವವು. ಬೆನ್ನಿಗೆ ಯಂತ್ರವನ್ನು ಕಟ್ಟಿ ನೋಡಿದ ವಿಜ್ಞಾನಿಗಳು ಇವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ಬರೆದಿಟ್ಟಿದ್ದಾರೆ. ಮನುಷ್ಯನಿಗೆ ಉಸಿರುಕಟ್ಟುವ ಆ ತೆಳುಗಾಳಿಯಲ್ಲಿ ಇವುಗಳ ರಕ್ತವು ಪ್ರಾಣವಾಯುವನ್ನು ಬೇರೆ ಹೆಬ್ಬಾತುಗಳಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುವದು. ದಕ್ಷಿಣ ಭಾರತದಲ್ಲಿ ಇವು ಚಳಿಗಾಲವನ್ನು ಕಳೆಯುವ ದೊಡ್ಡ ನೆಲೆಗಳಲ್ಲಿ ಮಾಗಡಿಯ ಕೆರೆಯು ಒಂದು. ಎಲ್ಲ ಜಾತಿಗಳೂ ಸೇರಿ ಸುಮಾರು 8,000 ಹಕ್ಕಿಗಳು ಆ ಕಾಲದಲ್ಲಿ ಅಲ್ಲಿರುವವು. 2024ರಲ್ಲಿ ಈ ಕೆರೆಯು ರಾಮ್‌ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿತು.

ಇದರಲ್ಲಿ ನಾವು ಗಮನಿಸತಕ್ಕ ಸಂಗತಿ ಒಂದೇ. ಮಾಗಡಿಯಲ್ಲಿ ಹೆಬ್ಬಾತುಗಳಿಗಾಗಿ ಯಾರೂ ಬಟ್ಟಲನ್ನಿಡಲಿಲ್ಲ. ಕೆರೆಯು ಕೆರೆಯಾಗಿ ಉಳಿಯಿತು, ಹೊಲವು ಹೊಲವಾಗಿ ಉಳಿಯಿತು, ಹಕ್ಕಿಯು ಬಂತು. ಕೆರೆಯನ್ನು ಕಟ್ಟಿದವರು ಹೆಬ್ಬಾತನ್ನು ಮನಸ್ಸಿನಲ್ಲಿಟ್ಟು ಕಟ್ಟಲಿಲ್ಲ, ತಮ್ಮ ಬೆಳೆಗಾಗಿ ಕಟ್ಟಿದರು. ಆದರೂ ಜನರಿಗೆ ಹಿತವಾದದ್ದು ಹಕ್ಕಿಗೂ ಹಿತವಾಯಿತು. ಇದನ್ನೇ ನಾವು ನಮ್ಮ ಊರಿನ ಉಣಕಲ್ಲ ಕೆರೆಗೂ ಕೆಲಗೇರಿಯ ಕೆರೆಗೂ ಅನ್ವಯಿಸಿ ನೋಡಬೇಕು. ಕೆರೆಗೆ ಹೊಲಸು ನೀರನ್ನು ಬಿಟ್ಟು, ದಂಡೆಯಲ್ಲಿ ಹಕ್ಕಿಗಳಿಗೆ ಚುರುಮುರಿಯನ್ನು ಎರಚಿ ಬಂದರೆ ಅದು ದಯೆಯಾಗಲಾರದು.

ಕೆಲವರು ನಮಗೆ ಹೀಗೆ ಆಕ್ಷೇಪಿಸಬಹುದು: "ನೀವು ಹೇಳುವ ಹಿತ್ತಲು ಈಗ ಯಾರಿಗುಂಟು? ಹಂಚಿನ ಮನೆಗಳು ಹೋಗಿ ಮಾಳಿಗೆಯ ಮೇಲೆ ಮಾಳಿಗೆ ಎದ್ದಿವೆ. ಹುಬ್ಬಳ್ಳಿ ಧಾರವಾಡಗಳ ನಡುವಿನ ಹಾದಿಯು ಅಗಲವಾಗುವಾಗ ಸಾಲುಮರಗಳೂ ಬಿದ್ದವು. ಕೆಲಸಕ್ಕೆ ಹೋಗುವ ಹೆಂಗಸಿಗೆ ಗಿಡಕ್ಕೆ ನೀರೆರೆಯುವ ಪುರುಸೊತ್ತು ಎಲ್ಲಿ?" ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಊರು ಬೆಳೆಯಬಾರದೆಂದು ನಾವು ಹೇಳುವವರಲ್ಲ. ನಮ್ಮ ವಿದ್ಯಾರ್ಥಿನಿಯರು ಅದೇ ಹಾದಿಯಲ್ಲಿ ಓಡುವ ಬಸ್ಸುಗಳನ್ನು ಹತ್ತಿ ಕಾಲೇಜಿಗೂ ಕಚೇರಿಗೂ ಹೋಗುತ್ತಾರೆ. ಆದರೆ ದೊಡ್ಡ ಮರಗಳು ಕಡಿಮೆಯಾದಷ್ಟೂ ಉಳಿದ ಚಿಕ್ಕ ಅಂಗಳಗಳ ಬೆಲೆಯು ಹೆಚ್ಚುವದೆಂಬುದನ್ನು ಅವರು ವಿಚಾರಿಸಬೇಕು. ಸೂರಕ್ಕಿಗೆ ಎಕರೆಗಟ್ಟಲೆ ತೋಟ ಬೇಕಾಗಿಲ್ಲ. ಮೂರನೆಯ ಮಾಳಿಗೆಯ ಸಜ್ಜದಲ್ಲಿ ಕುಂಡದೊಳಗಿನ ಒಂದು ದಾಸವಾಳವು ಅರಳಿದರೂ ಅದು ಹುಡುಕಿಕೊಂಡು ಬರುವದು. ದೊಡ್ಡದನ್ನು ಮಾಡಲಾರೆವೆಂಬ ನೆವದಿಂದ ಚಿಕ್ಕದನ್ನು ಬಿಡುವದು ನಾವು ಯಾವ ವಿದ್ಯಾರ್ಥಿನಿಗೂ ಕಲಿಸಿದ ಪಾಠವಲ್ಲ.

ಆದಕಾರಣ ನಾವು ವಾಚಕರ ಮುಂದೆ ಕೆಲವು ಸುಲಭವಾದ ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಬೇರೆ ಬೇರೆ ಕಾಲದಲ್ಲಿ ಹೂಬಿಡುವ ಎರಡು ಮೂರು ಗಿಡಗಳನ್ನಾದರೂ ನೆಡಿರಿ. ನುಗ್ಗೆಯು ಸಾರಿಗೂ ಆಗುವದು, ಹಕ್ಕಿಗೂ ಆಗುವದು. ಎರಡನೆಯದಾಗಿ, ಬೇಸಿಗೆಯಲ್ಲಿ ಮಣ್ಣಿನ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಆಳದ ನೀರನ್ನು, ಬೆಕ್ಕಿಗೆ ಸಿಗದ ಸ್ಥಳದಲ್ಲಿ ಇಡಿರಿ. ದಿನಾಲು ಅದನ್ನು ಚೆಲ್ಲಿ, ತಿಕ್ಕಿ ತೊಳೆದು, ಮತ್ತೆ ತುಂಬಿರಿ. ಹೀಗೆ ಮಾಡಿದರೆ ಸೊಳ್ಳೆಯೂ ಹುಟ್ಟದು, ರೋಗವೂ ಹರಡದು. ಮೂರನೆಯದಾಗಿ, ಎಲೆಯ ಮೇಲೆ ಒಂದು ಹುಳುವನ್ನು ಕಂಡ ಕೂಡಲೆ ವಿಷದ ಡಬ್ಬಿಯನ್ನು ಹುಡುಕಬೇಡಿರಿ. ಆ ಹುಳುವು ಯಾವದೋ ಮರಿಯ ಮಧ್ಯಾಹ್ನದ ಊಟವಾಗಿರಬಹುದು. ನಾಲ್ಕನೆಯದಾಗಿ, ಮನೆಯೊಳಗಿನ ಜೇಡನ ಬಲೆಯನ್ನು ಅವಶ್ಯವಾಗಿ ಗುಡಿಸಿರಿ. ಹಿತ್ತಲಿನ ಮೂಲೆಯಲ್ಲಿಯದನ್ನು ಮಾತ್ರ ಬಿಡಿರಿ. ಒಬ್ಬ ತಾಯಿಯ ಮನೆ ಕಟ್ಟುವ ನೂಲು ಅದು.

ಐದನೆಯದು ಮಕ್ಕಳಿಗೆ ಸಂಬಂಧಿಸಿದ್ದು, ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಪ್ರತಿಯೊಂದು ಮನೆಯಲ್ಲಿ ಮಗಳ ಕೈಗೆ ಒಂದು ಸಣ್ಣ ವಹಿಯನ್ನು ಕೊಡಿರಿ. ಈ ವರ್ಷ ಸಿಪಿಲೆಯನ್ನು ಮೊದಲು ಕಂಡ ದಿವಸ ಯಾವದು, ಮುತ್ತುಗವು ಅರಳಿದ್ದು ಯಾವಾಗ, ಸೂರಕ್ಕಿಯು ಕರಿಯ ಉಡುಪನ್ನು ತೊಟ್ಟದ್ದು ಯಾವ ವಾರದಲ್ಲಿ ಎಂಬುದನ್ನು ಆಕೆಯು ಬರೆದಿಡಲಿ. ಪ್ರತಿ ವರ್ಷ ಫೆಬ್ರುವರಿ ತಿಂಗಳಲ್ಲಿ ನಾಲ್ಕು ದಿವಸ ಲೋಕದ ಅನೇಕ ದೇಶಗಳ ಜನರು ತಮ್ಮ ತಮ್ಮ ಹಿತ್ತಲಿನ ಹಕ್ಕಿಗಳನ್ನು ಎಣಿಸಿ ಒಂದೆಡೆಗೆ ಕಳುಹಿಸುತ್ತಾರೆ. 1998ರಲ್ಲಿ ಅಮೇರಿಕೆಯಲ್ಲಿ ಮೊದಲಾದ ಈ ಎಣಿಕೆಗೆ ನಮ್ಮ ದೇಶದವರು 2013ರಿಂದ ಕೈಗೂಡಿಸಿದ್ದಾರೆ. ಅದರಲ್ಲಿ ಭಾಗವಹಿಸಲು ಹದಿನೈದು ನಿಮಿಷದ ಸಾವಧಾನವೊಂದಿದ್ದರೆ ಸಾಕು. ಪದವಿ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಹತ್ತು ವರ್ಷ ಬರೆದಿಟ್ಟ ವಹಿಯು, ಹವೆಯು ಬದಲಾಗುತ್ತಿರುವ ಈ ಕಾಲದಲ್ಲಿ, ವಿದ್ವಾಂಸರಿಗೂ ಬೇಕಾಗುವ ಆಧಾರವಾಗಬಲ್ಲದು. ಅದಕ್ಕಿಂತ ಮೊದಲು ಅದು ಬರೆದ ಹುಡುಗಿಯ ಕಣ್ಣನ್ನು ತೆರೆಯುವದು. ಕೈಯಲ್ಲಿಯ ಬೆಳಕಿನ ಹಲಗೆಯನ್ನು ನೋಡಿ ನೋಡಿ ತಲೆ ಬಾಗಿದ ಮಕ್ಕಳು ಒಮ್ಮೆ ತಲೆಯೆತ್ತಿ ಟೊಂಗೆಯನ್ನು ನೋಡಿದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.

ಸೀಸೆಯನ್ನು ಕೊಟ್ಟ ಆ ಮಗಳಿಗೆ ನಾವು ಈ ಸಂಗತಿಗಳನ್ನೆಲ್ಲ ಬರೆದು ತಿಳಿಸಿದೆವು. ಆಕೆಯು ಬೇಸರಪಡಲಿಲ್ಲ. ತಾನೂ ತನ್ನ ಅಲ್ಲಿಯ ಮನೆಯಂಗಳದಲ್ಲಿ ಆ ನಾಡಿನದೇ ಆದ ಹೂಬಳ್ಳಿಯೊಂದನ್ನು ನೆಟ್ಟಿರುವೆನೆಂತಲೂ, ಹಕ್ಕಿಯು ಈಗ ಸೀಸೆಗಿಂತ ಬಳ್ಳಿಯ ಬಳಿಯಲ್ಲಿಯೇ ಹೆಚ್ಚು ಹೊತ್ತು ಸುಳಿಯುವದೆಂತಲೂ ಉತ್ತರ ಬರೆದಳು. ಆಕೆಯು ಕೊಟ್ಟ ಸೀಸೆಯು ವ್ಯರ್ಥವಾಯಿತೆಂದು ನಾವು ಎಣಿಸುವದಿಲ್ಲ. ಅದು ಬಾರದೆ ಇದ್ದಿದ್ದರೆ ನಮ್ಮ ಹಿತ್ತಲಿನ ನುಗ್ಗೆಯ ಹೂವಿನ ಕಡೆಗೆ ನಾವು ಕಣ್ಣಿಟ್ಟು ನೋಡುತ್ತಿರಲಿಲ್ಲ. ಸೀಸೆಯು ಈಗ ಕಪಾಟಿನಲ್ಲಿದೆ, ನುಗ್ಗೆಯಲ್ಲಿ ಹೂವಿದೆ. ಪೂರ್ವವಿದ್ಯಾರ್ಥಿನಿಯರು ಊರಿಗೆ ಬಂದಾಗ ಶಾಲೆಗೆ ಬಂದು ಎರಡನ್ನೂ ನೋಡಬೇಕೆಂದೂ, ಬರುವಾಗ ತಮ್ಮ ಮಗಳ ವಹಿಯನ್ನೂ ಜೊತೆಗೆ ತರಬೇಕೆಂದೂ ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ.